ಐದು ವೇಗದ ಬ್ರಶ್

ಕಾಸೆಲ್, ನವೆಂಬರ್ ೧೪, ಗುರುವಾರ

ತಪ್ಪು ನನ್ನದೇ. ಎಕ್‌ಹಾರ್ಟ್‌ನ ಹಳೆಯ ಎಲೆಕ್ಟ್ರಿಕ್ ಟೂತ್‌ಬ್ರಶ್ ಚಾರ್ಜ್ ಹಿಡಿಯುತ್ತಿರಲಿಲ್ಲ. ಹೊಸದನ್ನು ಆರಿಸಲು ಮೂರು ವಾರ ತೆಗೆದುಕೊಂಡೆ. ಗ್ರಾಹಕರ ಪತ್ರಿಕೆಯ ಪರೀಕ್ಷಾ ವರದಿ ಓದದೆ ನಾನು ಒಂದು ಕೆಟಲನ್ನೂ ಕೊಂಡವಳಲ್ಲ. "ವೀಬ್ಕೆ, ನನ್ನನ್ನೂ ಪತ್ರಿಕೆ ನೋಡೇ ಆರಿಸಿದ್ಯಾ?" ಎಂದು ಎಕ್‌ಹಾರ್ಟ್ ನಮ್ಮ ಮದುವೆಯಾದಾಗಿನಿಂದ ಅಣಕಿಸುತ್ತಿದ್ದ.

ಪೆನ್ಸಿಲ್ ಹಿಡಿದು ಗೆರೆ ಎಳೆದೆ: ಜೋರಾಗಿ ಒತ್ತಿದರೆ ಕೆಂಪು ದೀಪ, ಅರ್ಧ ನಿಮಿಷಕ್ಕೊಮ್ಮೆ ಸೂಚನೆ, ಒಸಡಿಗೆ ಬೇರೆ ವೇಗ. ಐದು ವೇಗಗಳಿದ್ದದ್ದನ್ನೇ ತಂದೆ. ಹಳೆಯದರಲ್ಲಿ ಬಟನ್ ಒತ್ತಿದರೆ ಶುರು, ಮತ್ತೆ ಒತ್ತಿದರೆ ಬಂದ್. ಇದರಲ್ಲಿ ಮತ್ತೆ ಒತ್ತಿದರೆ ವೇಗ ಬದಲಾಗುತ್ತದೆ; ನಿಲ್ಲಿಸಲು ಒತ್ತಿ ಹಿಡಿದಿರಬೇಕು. ಅದನ್ನೂ ಓದಿದ್ದೆ. ಅದರ ಕೆಳಗೆ ಗೆರೆ ಎಳೆದಿರಲಿಲ್ಲ.

ಇವತ್ತು ಅವನಿರುವ ವೃದ್ಧಾಶ್ರಮದ ಬಚ್ಚಲಲ್ಲಿ ಅವನು ಗಾಬರಿಯಿಂದ ಒತ್ತುತ್ತಲೇ ಹೋದ, ಅದು ವೇಗ ಬದಲಿಸುತ್ತಲೇ ಹೋಯಿತು. ಗಲ್ಲ, ಅಂಗಿ, ಕನ್ನಡಿಯೆಲ್ಲ ನೊರೆ. ನಲವತ್ತು ವರ್ಷ ಟ್ರಾಮ್ ರಿಪೇರಿ ಮಾಡಿದ ಕೈ ಅದು. ನಾನು ಕಿತ್ತುಕೊಂಡು ನಿಲ್ಲಿಸುವ ಹೊತ್ತಿಗೆ ಅಳುತ್ತಿದ್ದ.

ಟವೆಲಿನಿಂದ ಮುಖ ಒರೆಸುವಾಗ ನನ್ನ ತೋಳು ಹಿಡಿದು ಪಿಸುಗುಟ್ಟಿದ: "ಸಿಸ್ಟರ್, ನನ್ನ ಕೈಯಲ್ಲಿ ಇದು ಕೆಟ್ಟೋಯ್ತು. ವೀಬ್ಕೆಗೆ ಮಾತ್ರ ಹೇಳ್ಬೇಡಿ. ಪಾಪ, ಅಷ್ಟೊಂದು ಓದಿ ಆರಿಸಿ ತಂದಿದಾಳೆ."

"ಹೇಳಲ್ಲ ಬಿಡಿ," ಎಂದೆ. ನಾನೂ ಅವನಿಗೆ 'ಬಿಡಿ' ಎಂದುಬಿಟ್ಟೆ.

ಮಾತು ಕೊಟ್ಟಿದ್ದೆ. ಇಲ್ಲಿ ಬರೆದು ವೀಬ್ಕೆಗೆ ಹೇಳಿಯೇಬಿಟ್ಟೆ.