ರೇಡಿಯೇಟರಿನೊಳಗಿನ ಸುಣ್ಣ

ವಿಲ್ಗಾ ಡೌನ್ಸ್, ಕ್ವೀನ್ಸ್‌ಲೆಂಡ್
ಮಂಗಳವಾರ, 13 ಆಗಸ್ಟ್ 1968

ಪ್ರೀತಿಯ ಡೆಸ್,

ಹೇಗಿದ್ದೀಯಪ್ಪಾ? ನಿನ್ನ ವಿಳಾಸವನ್ನು ಫಿಲಿಸ್ ಅತ್ತೆಯ ಹತ್ತಿರ ಕಾಡಿ ಬೇಡಿ ಇಸಿದುಕೊಂಡೆ, ಅವಳ ಮೇಲೆ ಸಿಟ್ಟಾಗಬೇಡ. ಬಂದರಿನಲ್ಲಿ ಹಡಗಿನ ಮೂಟೆ ಹೊರುತ್ತೀಯಂತೆ, ಸೊಂಟ ಜೋಪಾನ. ಚಳಿಗಾಲದಲ್ಲಿ ನಿನಗೆ ಕೆಮ್ಮು ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ, ಎದೆಗೆ ಬೆಚ್ಚಗೆ ಏನಾದರೂ ಹಾಕಿಕೋ. ನನ್ನ ಮೊಣಕಾಲು ಎರಡೂ ಕೈಕೊಟ್ಟಿವೆ. ಕುದುರೆ ಹತ್ತಬೇಕೆಂದರೆ ಕಾಲಡಿಗೆ ಪೆಟ್ಟಿಗೆ ಇಟ್ಟುಕೊಳ್ಳುತ್ತೇನೆ, ಕುದುರೆ ತಿರುಗಿ ನೋಡುತ್ತದೆ, ನಗುತ್ತದೋ ಏನೋ. ನೀನು ಹೋಗಿ ಮೂರು ವರ್ಷವಾಯಿತು, ನಾನು ಬರೆಯುತ್ತಿರುವ ಮೊದಲ ಕಾಗದ ಇದು. ನನ್ನ ಕೈಬರಹ ಕಂಡ ಕೂಡಲೇ ಹರಿದು ಹಾಕಬೇಡ, ಕೊನೆಯವರೆಗೂ ಓದು.

ವಿಷಯ ಆ ಕಾರಿನದು. ನಿನ್ನ ಅಮ್ಮನನ್ನು ಕೂರಿಸಿಕೊಂಡು ಹೊರಟು ದಾರಿಯಲ್ಲಿ ಕೆಟ್ಟುನಿಂತ ಕಾರು. ಎಳೆದು ತಂದ ದಿನದಿಂದ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ಬಿದ್ದಿತ್ತು, ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಹೋದ ವಾರ ಪೇಟೆಯ ಗ್ಯಾರೇಜಿನ ಬರ್ನಿ ಬಂದು, ಬಿಡಿಭಾಗಕ್ಕಾದರೂ ಆಗುತ್ತದೆ ಕೊಡು ಎಂದ. ಕೊಟ್ಟೆ. ನನ್ನ ಕಣ್ಣೆದುರಿಗೇ ರೇಡಿಯೇಟರ್ ಬಿಚ್ಚಿ, ಸೀಳಿ, ಒಳಗೆ ಬೆರಳು ಹಾಕಿ ನನ್ನ ಮುಖ ನೋಡಿದ. "ಏನಯ್ಯಾ ಕ್ಲೆಮ್, ಇದು ಕಾರೋ ಸುಣ್ಣದ ಗೂಡೋ? ಏನು ಕುಡಿಸ್ತಿದ್ದೆ ಇದಕ್ಕೆ?" ಬೋರ್ ನೀರು ಎಂದೆ. "ನಾಯಿ ಕೂಡ ಮೂಸಲ್ಲ ಆ ನೀರನ್ನ!" ಎಂದು ತಲೆ ಚಚ್ಚಿಕೊಂಡ. ಸಣ್ಣ ಕೊಳವೆಗಳಲ್ಲಿ ಮುಕ್ಕಾಲು ಪಾಲು ಕಟ್ಟಿಹೋಗಿದ್ದವು. ಎಂಜಿನ್ನಿನೊಳಗೆ ನೀರು ಹರಿಯುವ ದಾರಿಗಳಲ್ಲೂ ಬಿಳಿ ಹಕ್ಕಳೆ, ಅದರ ಮೇಲೆ ತುಕ್ಕಿನ ಕೆಸರು. ನೀರು ಓಡಾಡದೆ ಬಿಸಿ ಹೊರಗೆ ಹೋಗುವುದು ಹೇಗೆ? "ಅಂಚಿನ ತನಕ ತುಂಬಿಸಿದ್ರೂ ಆ ಬಿಸಿಲಲ್ಲಿ ಇಪ್ಪತ್ತು ಮೈಲಿಗೆ ಕುದ್ದುಹೋಗ್ತಿತ್ತು ಕಣಯ್ಯಾ" ಎಂದ ಬರ್ನಿ. ಅವನು ಹೋದ ಮೇಲೆ ನಾನು ಅಲ್ಲೇ ಟೈರಿನ ಮೇಲೆ ಕೂತು ಅತ್ತೆ.

ಇಲ್ಲಿ ಎಲ್ಲರ ಮನೆಯಲ್ಲೂ ಒಂದೇ ಪದ್ಧತಿ ಎಂಬುದು ನಿನಗೆ ಗೊತ್ತು. ತಗಡಿನ ಟ್ಯಾಂಕಿನ ಮಳೆನೀರು ಟೀಗೆ, ಬ್ಯಾಟರಿಗೆ, ರೇಡಿಯೇಟರಿಗೆ. ಬೋರ್ ನೀರು ದನಕ್ಕೆ, ಸ್ನಾನಕ್ಕೆ. ಆ ಪದ್ಧತಿ ಮುರಿದವನು ನಾನು. ಎರಡು ವರ್ಷ ಮಳೆ ಸರಿಯಾಗಿ ಆಗಲಿಲ್ಲ, ಟ್ಯಾಂಕಿನ ತಳ ಕಂಡಿತು, ಕಬ್ಬಿಣಕ್ಕೆ ರುಚಿ ಗೊತ್ತಾಗುತ್ತದೆಯೇ ಎಂದು ಕಾರಿಗೆ ಬೋರ್ ನೀರನ್ನೇ ಹಾಕಿಸಿದೆ. ಆಮೇಲೆ ಮಳೆ ಬಂದು ಟ್ಯಾಂಕ್ ತುಂಬಿತು, ಆದರೂ ನನ್ನ ಜಿಪುಣತನ ಹೋಗಲಿಲ್ಲ. ನಿನ್ನ ಅಮ್ಮ ಎಚ್ಚರಿಸಿದ್ದಳು. ಒಂದು ದಿನ ಬೋರ್ ನೀರು ಕಾಯಿಸುವ ಕೆಟಲನ್ನು ನನ್ನ ಮೂಗಿನ ಕೆಳಗೆ ಹಿಡಿದು, "ನೋಡು, ಚಮಚದಲ್ಲಿ ಕೆರೆದ್ರೂ ಹೋಗಲ್ಲ. ನಿನ್ನ ಕಾರಿನ ಹೊಟ್ಟೇಲೂ ಇದೇ ಕೂತಿರತ್ತೆ" ಎಂದಳು. "ನೀನು ಟೀ ಮಾಡು, ಎಂಜಿನ್ ನನಗೆ ಬಿಡು" ಎಂದು ನಕ್ಕೆ.

ಆ ದಿನದ್ದು ನಿನಗೆ ಪೂರ್ತಿ ಹೇಳಿಲ್ಲ, ನೀನು ದನಗಳ ಜೊತೆ ಇಲ್ಲೇ ಉಳಿದಿದ್ದೆ. ಅವಳ ಹೊಟ್ಟೆನೋವು ಹೆಚ್ಚಾಗಿ ಮಾತಾಡುವ ರೇಡಿಯೋದಲ್ಲಿ ಸಹಾಯ ಕೇಳಿದಾಗ, ವಿಮಾನದಲ್ಲಿ ಬರುವ ಡಾಕ್ಟರು ನಲವತ್ತು ಮೈಲಿ ಆಚೆಯ ವಿಮಾನ ಇಳಿಯುವ ಪಟ್ಟಿಯಲ್ಲಿ ಇಳಿಯುತ್ತೇವೆ, ಅಲ್ಲಿಗೆ ಕರೆತನ್ನಿ ಎಂದರು. ಹೊರಡುವಾಗ ನೀರು ಹಾಕಿದೆಯಾ ಎಂದು ಕೇಳಿದ್ದಕ್ಕೆ ನೀನು "ಹಾಕಿದೀನಪ್ಪಾ, ನೀವು ಹೊರಡಿ" ಎಂದೆ. ಅರ್ಧ ದಾರಿಗೆ ಹೊಗೆಯಂತೆ ಆವಿ ಎದ್ದಿತು. ಆರಿದ ಮೇಲೆ ಮುಚ್ಚಳ ತೆಗೆದರೆ ಒಳಗೆ ತೊಟ್ಟು ನೀರಿಲ್ಲ. ಕುಡಿಯಲು ತಂದಿದ್ದ ಕ್ಯಾನ್ವಾಸ್ ಚೀಲದ ನೀರೆಲ್ಲ ಸುರಿದೆ, ನಾಲ್ಕು ಮೈಲಿಗೆ ಮತ್ತೆ ಕುದಿಯಿತು. ಒಂದು ಮರದ ನೆರಳಲ್ಲಿ ಅವಳನ್ನು ಮಲಗಿಸಿ, ಅವಳ ತುಟಿಗೆ ಕೊಡಲು ನೀರೂ ಉಳಿಸಿಕೊಳ್ಳದೆ ಕೂತೆ. ಟಪಾಲು ಲಾರಿ ಬರಲು ಐದು ಗಂಟೆ ಹಿಡಿಯಿತು. ಅಷ್ಟರಲ್ಲಿ ಅಪೆಂಡಿಕ್ಸ್ ಒಡೆದು ವಿಷವೇರಿತ್ತು. ವಿಮಾನ ಏರಿಸಿದರು, ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು.

ಆಮೇಲಿನದು ನಿನಗೆ ಗೊತ್ತು, ಊರಿಗೂ ಗೊತ್ತು. ಗುಂಡಿಯ ಪಕ್ಕ ನೀನು ಮಣ್ಣು ಹಾಕಲು ಬಗ್ಗಿದಾಗ ನಿನ್ನ ಮಣಿಕಟ್ಟು ಹಿಡಿದು, "ನೀರು ಹಾಕದ ಕೈ ಮಣ್ಣೂ ಹಾಕೋದು ಬೇಡ" ಎಂದೆ. ಪಾದ್ರಿ ತಲೆ ತಗ್ಗಿಸಿದರು. ನೀನು ಟೋಪಿ ಹಾಕಿಕೊಂಡು ಹೊರಟೆ. ಮೊನ್ನೆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅದೇ ಜನರೆದುರು ಎದ್ದು ನಿಂತು ರೇಡಿಯೇಟರಿನ ಸಂಗತಿ ಹೇಳಿದೆ, ತಪ್ಪು ನನ್ನದು, ನನ್ನ ಮಗ ನೀರು ಹಾಕಿದ್ದ ಎಂದೆ. ಬರ್ನಿ ಬಿಚ್ಚಿ ತೋರಿಸುವ ತನಕ ನನಗೆ ತಿಳಿಯಲಿಲ್ಲ ಎಂದೂ ಹೇಳಿದೆ. ಎಲ್ಲರೂ ಬಂದು ನನ್ನ ಬೆನ್ನು ತಟ್ಟಿದರು. ಅದು ನನಗೆ ಹಿತವಾಗಲಿಲ್ಲ ಮಗಾ.

ಬಾ ಎನ್ನುವ ಮುಖ ನನಗಿಲ್ಲ. ನಿನಗೆ ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ ಸಿಗಲಿ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಫಿಲಿಸ್ ಅತ್ತೆಯೂ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ.

ನಿನ್ನ ಅಪ್ಪ,
ಕ್ಲೆಮ್ ಹಾರ್ಟಿಗನ್

ತಾ.ಕ.: ಟಪಾಲಿನವನು ಗೇಟಿನಲ್ಲಿ ಹಾರ್ನ್ ಬಾರಿಸುತ್ತಿದ್ದಾನೆ, ಬೇಗ ಬರೆದುಬಿಡುತ್ತೇನೆ, ಇಲ್ಲವಾದರೆ ಇನ್ನೆಂದೂ ಬರೆಯಲಾರೆ. ಆ ಮರದ ಕೆಳಗೆ ನಾನು ನಿನಗೆ ಬಾಯಿಗೆ ಬಂದಂತೆ ಬೈಯುತ್ತಿದ್ದಾಗ ನಿನ್ನ ಅಮ್ಮ ನನ್ನ ತೋಳು ಹಿಡಿದು, "ಅವನನ್ನ ಬೈಬೇಡ ಕ್ಲೆಮ್. ಎರಡು ಡಬ್ಬ ನೀರು ಹಾಕಿದ, ಅಡುಗೆಮನೆ ಕಿಟಕಿಯಿಂದ ನಾನೇ ನೋಡಿದೆ" ಎಂದಳು. ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಗುಂಡಿಯ ಪಕ್ಕ ನಿನ್ನ ಕೈ ಹಿಡಿದಾಗಲೂ ನನಗೆ ಗೊತ್ತಿತ್ತು, ಡೆಸ್.