ಭಾವನಿಗೆ ಕೊಡದ ಔಷಧಿ

ಮಾರ್ಚ್ ೧೪, ಶನಿವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಪತ್ರ ಬಂದು ಮೂರು ತಿಂಗಳ ಮೇಲಾಯಿತು. ಐದು ವರ್ಷ ಮಾತು ಬಿಟ್ಟಿದ್ದ ಅಕ್ಕ ತಾನಾಗಿ ಬರೆದರೂ ಉತ್ತರ ಕೊಡದ ಇವಳ ಕೊಬ್ಬು ನೋಡು ಅಂತ ಬೈದುಕೊಂಡಿರುತ್ತೀ. ಬೈದುಕೋ, ಆದರೆ ಪೂರ್ತಿ ಓದಿ ಬೈದುಕೋ. ನೀನು ಬರೆದದ್ದು ಒಂದೇ ಸಾಲು: "ಆ ಔಷಧಿ ಏನಾಯ್ತು?" ಅದಕ್ಕೆ ಅರ್ಧಂಬರ್ಧ ಉತ್ತರ ಕೊಡುವ ಧೈರ್ಯ ನನಗಿರಲಿಲ್ಲ. ಮೊನ್ನೆ ಗುರುವಾರ ಪೂರ್ತಿ ಉತ್ತರ ಸಿಕ್ಕಿತು.

ಔಷಧಿ ಸೋತಿತು ಅಕ್ಕಾ. ಹನ್ನೆರಡು ವರ್ಷದ ಕೆಲಸ ನಿಂತುಹೋಯಿತು.

ನನ್ನ ಕೆಲಸವೇನೆಂದು ನಿನಗೆ ಎಂದೂ ಸರಿಯಾಗಿ ಹೇಳಲೇ ಇಲ್ಲ. ಕೇಳಿದವರಿಗೆಲ್ಲ ನೀನು "ನನ್ನ ತಂಗಿ ಇಲಿ ಡಾಕ್ಟರು" ಅನ್ನುತ್ತಿದ್ದೆ. ಹೃದಯದ ಹೊಸ ಔಷಧಿಯನ್ನು ಮನುಷ್ಯರಿಗೆ ಕೊಡುವ ಮುಂಚೆ ಪ್ರಾಣಿಗಳಲ್ಲಿ ಪರೀಕ್ಷಿಸಿ, ಮುಂದೆ ಹೋಗಬಹುದೋ ಇಲ್ಲವೋ ಎಂದು ಹೇಳುವುದು, ಅಷ್ಟೇ. ಈ ಔಷಧಿ ಬಳಲಿದ ಹೃದಯಕ್ಕೆ ಬಲ ಕೊಡಬೇಕಿತ್ತು. ಇಲಿಗಳಿಗೆ ಕೊಟ್ಟೂ ಇತ್ತು. ಏದುಸಿರು ಬಿಡುತ್ತಾ ಮೂಲೆ ಹಿಡಿದಿದ್ದವು ಹದಿನೈದೇ ದಿನದಲ್ಲಿ ಪಂಜರದ ಚಕ್ರ ತುಳಿಯತೊಡಗಿದವು. ಆ ಸಂಭ್ರಮವನ್ನು ನಿಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದವಳು ನಾನೇ. ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆಗಲೇ ಭಾವನ ಕಾಲು ಊದಿಕೊಂಡು ಚಪ್ಪಲಿ ಹಿಡಿಯುತ್ತಿರಲಿಲ್ಲ, ನಾಲ್ಕು ಮೆಟ್ಟಿಲು ಹತ್ತಿದರೆ ಮೇಲುಸಿರು. ಆದರೂ ನಗುತ್ತಲೇ ಕೇಳಿದರು, "ಏನಮ್ಮಾ, ನಿನ್ನ ಇಲಿಗಳಿಗಿರೋ ಯೋಗ ನಂಗಿಲ್ವಾ? ಒಂದು ಸೀಸೆ ತಂದ್ಕೊಡು, ಬೇಕಿದ್ರೆ ನಾನೂ ಚಕ್ರ ತುಳೀತೀನಿ."

ನಾನು ಆಗಲ್ಲ ಅಂದೆ. ಇನ್ನೊಮ್ಮೆ ಕೇಳಿದಾಗಲೂ ಅದನ್ನೇ ಅಂದೆ. ಮೂರನೇ ಸಲ ನೀನೇ ನನ್ನ ಕೈ ಹಿಡಿದು ಕೇಳಿದೆ, ಆಗಲೂ ನನ್ನ ಬಾಯಲ್ಲಿ ಬೇರೆ ಮಾತು ಬರಲಿಲ್ಲ. ಅವರು ಹೋದ ದಿನ ಎಲ್ಲರೆದುರು ನೀನು, "ಬೀರುವಲ್ಲಿ ಔಷಧಿ ಇಟ್ಕೊಂಡು ನನ್ನ ಗಂಡನ್ನ ಸಾಯೋಕೆ ಬಿಟ್ಲು" ಎಂದೆಯಲ್ಲ, ನನಗದು ಬೈಗುಳ ಅನ್ನಿಸಲಿಲ್ಲ. ನಿಜವಿರಬಹುದು ಅನ್ನಿಸಿತು. ಪ್ರಯೋಗಾಲಯದ ಆ ತಂಪು ಬೀರುವಿನ ಬಾಗಿಲು ತೆಗೆದಾಗಲೆಲ್ಲ ಅನ್ನಿಸಿತು.

ಇಲಿಗಳಿಂದ ಹಂದಿಗಳಿಗೆ ಹೋಗುವಷ್ಟರಲ್ಲಿ ಐದು ವರ್ಷದ ಮೇಲೆ ಹಿಡಿಯಿತು. ಹಂದಿಯ ಹೃದಯ ನಮ್ಮದಕ್ಕೆ ಹತ್ತಿರ. ಎಂಟು ವಾರ ಎಲ್ಲವೂ ಸರಿಯಿತ್ತು. ಒಂಬತ್ತನೇ ವಾರ, ಹೊಟ್ಟೆತುಂಬ ತಿಂದು ಕಿಟಕಿಯ ಬಿಸಿಲಿಗೆ ಮಲಗಿದ್ದ ಹಂದಿಯೊಂದು ಏಳಲೇ ಇಲ್ಲ. ನಮ್ಮ ಪಶುವೈದ್ಯೆ ಗೋಡೆಗೆ ಮುಖ ಮಾಡಿ ಅತ್ತಳು. ಆ ವಾರ ಇನ್ನೆರಡು ಹೋದವು. ಹೃದಯದ ಇ.ಸಿ.ಜಿ. ಗೆರೆಗಳನ್ನು ತೆಗೆದು ನೋಡಿದರೆ, ಬಡಿತಕ್ಕೆ ಬಲ ಬಂದದ್ದು ನಿಜ, ತಾಳ ಮಾತ್ರ ತಪ್ಪಿತ್ತು. ಹೃದಯ ದುರ್ಬಲವಾಗಿದ್ದಷ್ಟೂ ಬೇಗ ತಪ್ಪಿತ್ತು. ನಿನ್ನ ಪತ್ರ ಕೈ ಸೇರಿದ್ದು ಆ ವಾರವೇ. ಬೇರೊಂದು ಊರಿನ ಪ್ರಯೋಗಾಲಯದವರು ಬೇರೆ ಹಂದಿಗಳಲ್ಲಿ ಮತ್ತೆ ನೋಡಲಿ ಎಂದು ಹಟ ಹಿಡಿದೆ. ಮೊನ್ನೆ ಬಂದ ಅವರ ವರದಿಯೂ ಅದನ್ನೇ ಹೇಳಿತು.

ಸಭೆಯಲ್ಲಿ ನಮ್ಮ ಮುಖ್ಯಸ್ಥರು ಕನ್ನಡಕ ತೆಗೆದಿಟ್ಟು, "ಪ್ರಮಾಣ ಕಡಿಮೆ ಮಾಡಿ ಇನ್ನೊಂದ್ಸಲ ನೋಡೋಣ್ವಾ?" ಅಂದರು.

"ನೋಡಿದ್ದೀವಿ ಸರ್. ಕಡಿಮೆ ಮಾಡಿದ್ರೆ ಬಲಾನೇ ಬರಲ್ಲ. ಇದನ್ನ ಯಾವ ಮನುಷ್ಯರಿಗೂ ಕೊಡಬಾರ್ದು."

"ನಿಮ್ಮ ಅರ್ಧ ಆಯುಸ್ಸು ಇದಕ್ಕೇ ಹೋಯ್ತಲ್ರೀ," ಅಂದರು, ಪಾಪ.

ನಾನು ಎದ್ದು ಬಚ್ಚಲಿಗೆ ಹೋಗಿ, ಚಿಲಕ ಹಾಕಿ, ನಲ್ಲಿ ಬಿಟ್ಟು ಅತ್ತೆ. ಪಶುವೈದ್ಯೆ ಹೊರಗಿಂದಲೇ, "ಹೋಗ್ಲಿ ಬಿಡಿ ಮೇಡಂ, ಇನ್ನೊಂದು ಔಷಧಿ ಹುಡುಕೋಣ" ಅಂತ ಸಮಾಧಾನ ಹೇಳಿದಳು. ಎದೆ ಹಗುರಾಗಿ ಅಳುತ್ತಿದ್ದೇನೆಂದು ಅವಳಿಗೆ ಹೇಗೆ ಹೇಳಲಿ?

ಭಾವನ ಹೃದಯ ಪರೀಕ್ಷೆಯ ವರದಿಯ ಪ್ರತಿ ನನ್ನ ಬಳಿ ಇತ್ತು. ಹಂದಿಗಳ ಗೆರೆಗಳ ಪಕ್ಕದಲ್ಲಿಟ್ಟು ನೋಡಿದೆ. ಹಂದಿ ಹಂದಿಯೇ, ಮನುಷ್ಯ ಮನುಷ್ಯನೇ, ಆಣೆ ಮಾಡಿ ಹೇಳಲಾರೆ. ಆದರೆ ನನಗೆ ತಿಳಿದ ಮಟ್ಟಿಗೆ, ಅವತ್ತು ನಾನು ಸೀಸೆ ತಂದುಕೊಟ್ಟಿದ್ದರೆ ಆಮೇಲೆ ಅವರು ಬದುಕಿದ್ದ ಏಳು ತಿಂಗಳೂ ನಿಮಗೆ ಸಿಗುತ್ತಿರಲಿಲ್ಲ. ನೀನು ಕೇಳಿದ್ದರಲ್ಲಿ ತಪ್ಪಿಲ್ಲ ಅಕ್ಕಾ, ಹೆಂಡತಿಯಾದವಳು ಕೇಳದೆ ಇನ್ನೇನು ಮಾಡುತ್ತಾಳೆ? ಮೊನ್ನೆಯಿಂದ ನನಗೆ ಊಟ ರುಚಿಸುತ್ತಿದೆ. ನಿನಗೂ ಒಂದಿಷ್ಟು ನೆಮ್ಮದಿಯಾಗಲಿ ಅಂತ ಬರೆದೆ.

ಮಗಳಿಗೂ ಅವಳ ಕೂಸಿಗೂ ನನ್ನ ಆಶೀರ್ವಾದ. ಆ ಕೂಸಿನ ಮುಖವನ್ನೇ ನಾನಿನ್ನೂ ನೋಡಿಲ್ಲ. ಬಾ ಅಂತ ಒಂದು ಮಾತು ಬರೆ, ಮುಂದಿನ ಬಸ್ಸಿಗೆ ಬರುತ್ತೇನೆ. ನೀನು ನೂರು ಕಾಲ ಚೆನ್ನಾಗಿರು.

ನಿನ್ನ ತಂಗಿ

ವಿ.ಸೂ.: ಇದನ್ನು ಬರೆಯದೆ ಲಕೋಟೆ ಅಂಟಿಸಲು ಹೋದೆ, ಕೈ ಬರಲಿಲ್ಲ. ಭಾವ ಹೋದದ್ದು ಮಂಗಳವಾರ. ಸೋಮವಾರ ಮಧ್ಯಾಹ್ನ ನನಗೆ ಫೋನ್ ಮಾಡಿದ್ದರು. ಹೆಸರು ನೋಡಿದೆ. ಮತ್ತೆ ಕೇಳುತ್ತಾರೆ, ಮತ್ತೆ ಇಲ್ಲ ಅನ್ನಬೇಕು ಅಂತ ಎತ್ತಲಿಲ್ಲ. ಆಮೇಲೆ ಮಾಡಿದರಾಯಿತು ಅಂದುಕೊಂಡೆ. ಅವತ್ತು ಅವರು ಯಾಕೆ ಮಾಡಿದ್ದರು ಅಕ್ಕಾ? ನಿನಗೇನಾದರೂ ಹೇಳಿದ್ದರಾ?