ಮೊದಲು ಸಾಯಬೇಕಾದ ಡ್ರೈವರು

ಶೂಟಿಂಗ್ ಬಿಡಾರದಿಂದ,
ಹದಿನಾಲ್ಕನೇ ತಾರೀಖು, ಗುರುವಾರ, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ಇವಳೇ,

ಹೇಗಿದ್ದೀಯ? ಮಗಳು ಹೇಗಿದ್ದಾಳೆ? ಮೊಮ್ಮಗಳು ಈಗಲಾದರೂ ರಾತ್ರಿಯನ್ನು ರಾತ್ರಿ ಅಂತ ಒಪ್ಪಿಕೊಂಡಳೋ, ಇಲ್ಲ ಇನ್ನೂ ನಿನ್ನ ಕೈಯಲ್ಲಿ ಎತ್ತಿಸಿಕೊಂಡು ಓಡಾಡಿಸುತ್ತಿದ್ದಾಳೋ? ಬಿಪಿ ಮಾತ್ರೆ ಮರೆಯಬೇಡ. ಮಗು ಮಲಗಿದಾಗ ನೀನೂ ಮಲಗು, ಬಟ್ಟೆ ಮಡಚುವುದಕ್ಕೆ ಅಳಿಯಂದಿರಿಗೂ ಎರಡು ಕೈ ಇವೆ. ನಾನು ಆರಾಮಾಗಿದ್ದೇನೆ. ಫೋನ್ ಇರುವಾಗ ಕಾಗದ ಯಾಕೆ ಅಂತ ಹುಬ್ಬೇರಿಸಬೇಡ. ಇಲ್ಲಿ ಸಿಗ್ನಲ್ ಬೇಕಾದರೆ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಬೇಕು. ಹತ್ತಿ ಮಾತಾಡಿದರೆ ನೀನು ಸ್ಪೀಕರ್ ಹಾಕಿ ಮನೆಮಂದಿಗೆಲ್ಲ ಕೇಳಿಸುತ್ತೀಯ. ನಾನು ಹೇಳಬೇಕಾದ್ದು ನಿನ್ನೊಬ್ಬಳಿಗೇ. ಬಾಯಲ್ಲಿ ಹೇಳೋಣ ಅಂದರೆ ನಾಲ್ಕು ವರ್ಷದಿಂದ ಬಾಯಿ ಬಂದಿಲ್ಲ, ಪೆನ್ನಾದರೂ ಬರುತ್ತದೇನೋ ನೋಡೋಣ.

ನಮ್ಮ ಬಸ್ಸನ್ನು ಸಿನಿಮಾದವರು ಬಾಡಿಗೆಗೆ ತೆಗೆದುಕೊಂಡ ಸಂಗತಿ ನಿನಗೆ ಗೊತ್ತೇ ಇದೆ. ದೆವ್ವದ ಸಿನಿಮಾ ಅಂತ ಹೇಳಿದ್ದರೆ ನೀನು ಬಿಡುತ್ತಿರಲಿಲ್ಲ, ಅದಕ್ಕೇ ಸಂಸಾರದ ಕಥೆ ಅಂದಿದ್ದೆ. ಕಥೆ ಇಷ್ಟೇ: ಆರು ಜನ ಪ್ರಯಾಣಿಕರು ಹೊರಟಿರುತ್ತಾರೆ, ನಡುದಾರಿಯಲ್ಲಿ ಬಸ್ಸು ಕೆಡುತ್ತದೆ, ಗಾಳಿಮಳೆಗೆ ಹೆದರಿ ಪಾಳುಬಿದ್ದ ಹುಚ್ಚಾಸ್ಪತ್ರೆಯೊಂದರ ಒಳಗೆ ಹೋಗುತ್ತಾರೆ, ಒಳಗೆ ಹೋದವರು ಒಬ್ಬೊಬ್ಬರಾಗಿ ಮಟಾಷ್. ಆಸ್ಪತ್ರೆ ಮಾತ್ರ ನಿಜವಾದದ್ದು. ಹನ್ನೊಂದು ವರ್ಷದಿಂದ ಬೀಗ ಬಿದ್ದಿದೆಯಂತೆ. ಉದ್ದನೆಯ ಹಜಾರ, ಎರಡೂ ಕಡೆ ಕೋಣೆ, ಕಬ್ಬಿಣದ ಮಂಚಗಳನ್ನು ಒಂದರ ಮೇಲೊಂದು ಒಟ್ಟಿದ್ದಾರೆ. ಗೋಡೆಯ ಸುಣ್ಣ ಹಪ್ಪಳದ ಹಾಗೆ ಎದ್ದಿದೆ. ರಾತ್ರಿ ಲೈಟು ಹಾಕುವಷ್ಟು ತಾಕತ್ತು ಇವರಿಗಿಲ್ಲ, ಕಿಟಕಿಗೆಲ್ಲ ಕರಿ ಬಟ್ಟೆ ಹೊಡೆದು ಹಟ್ಟಹಗಲಲ್ಲೇ ಅಮಾವಾಸ್ಯೆ ಮಾಡುತ್ತಾರೆ. ಹೊಗೆಯ ಮಿಷನ್ ಕೆಟ್ಟು ಒದ್ದೆ ಗೋಣಿ ಸುಟ್ಟರು. ದೆವ್ವಕ್ಕೇ ಕೆಮ್ಮು ಬಂದು ಅರ್ಧ ದಿನ ಕೆಲಸ ನಿಂತಿತು. ಸಕ್ಕರೆ ಪಾಕದ ರಕ್ತಕ್ಕೆ ಇರುವೆ ಮುತ್ತಿ, ಸತ್ತು ಬಿದ್ದಿದ್ದ ಪ್ರಯಾಣಿಕ ಎದ್ದು ಕುಣಿದ. ದೆವ್ವದ ಪಾತ್ರ ಮಾಡುವ ಅಮ್ಮ ಹಳೇ ನಾಟಕದವರು, ಅರವತ್ತು ದಾಟಿದೆ. ಮುಖಕ್ಕೆಲ್ಲ ಬಿಳಿ ಬಳಿದುಕೊಂಡು ಟೀಗೆ ಬಿಸ್ಕತ್ತು ಅದ್ದಿ ತಿನ್ನುತ್ತಾ, ನನ್ನ ಹತ್ತಿರ ಸೊಸೆಯ ಮೇಲೆ ಚಾಡಿ ಹೇಳುತ್ತಾರೆ.

ಇನ್ನು ನಮ್ಮ ಬಸ್ಸಿನ ಮಾನಗೇಡಿತನ ಕೇಳು. ಸ್ಟಾರ್ಟ್ ಆಗಬಾರದು ಅನ್ನುವ ಸೀನು. ಕೀಲಿ ತಿರುಗಿಸಿದರೆ ಗೊರಗೊರ ಅಂದು ಸತ್ತುಹೋಗಬೇಕು. ಹೊರಡುವ ಅವಸರ ಇದ್ದಾಗಲೆಲ್ಲ ಕೈಕೊಡುವ ನಿನ್ನ ಸವತಿ ಅವತ್ತು ಏಳು ಸಲವೂ ಮೊದಲ ತಿರುವಿಗೇ ಸ್ಟಾರ್ಟ್! ಕೊನೆಗೆ ಬ್ಯಾಟರಿಯ ವಯರು ಕಿತ್ತು ಕೆಲಸ ಮುಗಿಸಿದೆವು. ಅದೇ ದಿನ ಡ್ರೈವರ್ ಪಾತ್ರದವನು ಸೀರಿಯಲ್ ಒಂದು ಸಿಕ್ಕಿತು ಅಂತ ಹೇಳದೆ ಕೇಳದೆ ಹೊರಟುಹೋದ. ಈ ಸಿನಿಮಾ ಮಾಡುತ್ತಿರುವವಳು ನಮ್ಮ ಮಗಳ ವಯಸ್ಸಿನ ಹುಡುಗಿ, ಉಗುರು ಕಚ್ಚುವ ಅಭ್ಯಾಸ. ಸೀದಾ ನನ್ನ ಹತ್ತಿರ ಬಂದು, “ಅಂಕಲ್, ನೀವೇ ಮಾಡಿಬಿಡಿ. ಸ್ಟೇರಿಂಗ್ ಹಿಡಿಯೋದು, ಕೆಳಗಿಳಿಯೋದು, ಒಳಗೆ ಹೋಗಿ ಸಾಯೋದು. ಅಷ್ಟೇ,” ಅಂದಳು. ಎಲ್ಲರಿಗಿಂತ ಮೊದಲು ಸಾಯುವವನು ಡ್ರೈವರಂತೆ. ಬೇಗ ಸತ್ತರೆ ಬೇಗ ಬಿಡುಗಡೆ ಅಂತ ಒಪ್ಪಿಕೊಂಡೆ.

ಸೋಮವಾರ ನನ್ನ ಸಾವು. ಟಾರ್ಚ್ ಹಿಡಿದು ಹಜಾರದಲ್ಲಿ ನಡೆದು, ಕೊನೆಯ ಕೋಣೆಯ ಬಾಗಿಲು ತಳ್ಳಿ, ದೆವ್ವ ಕಂಡು ಕಿರುಚಬೇಕು. ಮೊದಲ ಸಲ ಕಿರುಚಿದಾಗ ಕಂಡಕ್ಟರನನ್ನು ಕೂಗಿ ಕರೆದ ಹಾಗಿತ್ತು, ದೆವ್ವದಮ್ಮನಿಗೆ ನಗು ತಡೆಯಲಾಗಲಿಲ್ಲ. ಎರಡನೆಯದಕ್ಕೆ ಕ್ಯಾಮೆರಾದವನೂ ನಕ್ಕ. ನಾಲ್ಕನೆಯದೂ ಆಗಲಿಲ್ಲ. ಆಗ ಆ ಹುಡುಗಿ ಹತ್ತಿರ ಬಂದು ಮೆಲ್ಲಗೆ, “ಅಂಕಲ್, ನಟಿಸಬೇಡಿ. ನಿಮಗೆ ನಿಜವಾಗಿ ಭಯ ಆದದ್ದು ಒಂದು ನೆನಪಿಸಿಕೊಳ್ಳಿ, ಸಾಕು,” ಅಂದಳು. ಪಾಪ, ಒಳ್ಳೆಯದಕ್ಕೇ ಹೇಳಿದ್ದು.

ನಾನು ಸೇತುವೆಯನ್ನು ನೆನಪಿಸಿಕೊಂಡೆ.

ನಿನಗೆ ಗೊತ್ತಿರುವ ಸೇತುವೆಯೇ. ಲೈನ್ ಬಸ್ಸು, ಒಳಗೆ ನಲವತ್ತೊಂದು ಜನ, ಬ್ರೇಕ್ ಹಿಡಿಯಲಿಲ್ಲ, ಮುಂದಿನ ಒಂದು ಚಕ್ರ ತಡೆಗೋಡೆ ಒಡೆದು ಹೊರಗೆ ನೇತಾಡಿತು. ಎಲ್ಲರನ್ನೂ ಹಿಂದಿನ ಬಾಗಿಲಿನಿಂದ ಇಳಿಸಿ ಕೊನೆಗೆ ನಾನಿಳಿದೆ. ಪೇಪರಿನಲ್ಲಿ ಫೋಟೋ ಬಂತು, ನೀನು ಅದನ್ನು ಕತ್ತರಿಸಿ ಕಟ್ಟು ಹಾಕಿಸಿದೆ. ಇಷ್ಟು ನಿನಗೆ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಅವರೆಲ್ಲ ಅವತ್ತೇ ಇಳಿದು ಮನೆಗೆ ಹೋದರು, ನಾನು ಇವತ್ತಿಗೂ ಇಳಿದಿಲ್ಲ. ಸಣ್ಣ ಮೋರಿ ದಾಟುವಾಗಲೂ ಕೈ ತಣ್ಣಗಾಗುತ್ತದೆ, ಕಾಲ ಕೆಳಗೆ ಏನೂ ಇಲ್ಲ ಅನ್ನಿಸುತ್ತದೆ, ಉಸಿರು ಗಂಟಲಲ್ಲೇ ನಿಲ್ಲುತ್ತದೆ. ಲೈನ್ ಬಸ್ಸು ಬಿಟ್ಟದ್ದು ಮಂಡಿನೋವಿಗೆ ಅಲ್ಲ ಕಣೇ. ನಿನ್ನ ತಮ್ಮನ ಮನೆಗೆ ಸುತ್ತು ದಾರಿಯಲ್ಲಿ ಕರೆದುಕೊಂಡು ಹೋಗುವುದು ರಸ್ತೆ ಚೆನ್ನಾಗಿದೆ ಅಂತ ಅಲ್ಲ. ನೋವೇ ಇಲ್ಲದ ಮಂಡಿಗೆ ನಾಲ್ಕು ವರ್ಷ ದಿನಾ ಎಣ್ಣೆ ತಿಕ್ಕಿದ್ದೀಯ. ಹೇಳಿಬಿಡೋಣ ಅಂತ ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಗೋಡೆಯ ಮೇಲಿನ ಆ ಫೋಟೋ ನೋಡಿ ಬಾಯಿ ಮುಚ್ಚಿದ್ದೇನೆ. ಅದರಲ್ಲಿರುವವನ ಮೇಲೆ ನಿನಗೆ ಅಷ್ಟು ಹೆಮ್ಮೆ. ಬೈಯುವುದಿದ್ದರೆ ಇಲ್ಲೇ ಕಾಗದ ಕೆಳಗಿಟ್ಟು ಒಂದು ಸುತ್ತು ಬೈದು ಆಮೇಲೆ ಮುಂದೆ ಓದು.

ಐದನೆಯ ಸಲ ಕಿರುಚಿದೆನಲ್ಲ, ಅದು ನಿಲ್ಲಲಿಲ್ಲ. ಕಟ್ ಅಂದದ್ದು ಕಿವಿಗೆ ಬೀಳಲಿಲ್ಲ. ಗೋಡೆಗೆ ಒರಗಿ ಕುಸಿದು ಕೂತಿದ್ದೆ, ಅಳುತ್ತಿದ್ದೆ. ಎಲ್ಲರೂ ಅದ್ಭುತ ಅಂತ ಚಪ್ಪಾಳೆ ತಟ್ಟಿದರಂತೆ. ಅಷ್ಟರಲ್ಲಿ ಹಿಂದಿನಿಂದ ಯಾರೋ, “ಚಪ್ಪಾಳೆ ಆಮೇಲೆ ತಟ್ಟಿ. ಮೊದಲು ಆ ಕರಿ ಬಟ್ಟೆ ತೆಗೀರಿ,” ಅಂದರು. ಇದೇ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದವರು. ಹಿಂದಿನ ಬೀದಿಯಲ್ಲೇ ಮನೆ, ಜನರೇಟರ್ ಸದ್ದು ಏನು ಅಂತ ನೋಡಲು ಬಂದಿದ್ದರು. ಎಲ್ಲರೂ ಅವರನ್ನು ಸಿಸ್ಟರಮ್ಮ ಅನ್ನುತ್ತಾರೆ. ಕಿಟಕಿಯ ಬಟ್ಟೆ ಬಿದ್ದದ್ದೇ ತಡ, ಬಿಸಿಲು ಒಳಗೆ ನುಗ್ಗಿತು. ಸಿಸ್ಟರಮ್ಮ ನನ್ನ ಮಣಿಕಟ್ಟು ಹಿಡಿದು ಪಕ್ಕದಲ್ಲೇ ನೆಲದ ಮೇಲೆ ಕೂತರು. ಏನಾಯ್ತು ಅಂತ ಕೇಳಲಿಲ್ಲ. “ನಿಮ್ಮ ಕಾಲ ಕೆಳಗೆ ಏನಿದೆ, ಹೇಳಿ,” ಅಂದರು. ನೆಲ ಅಂದೆ. “ಎಂಥ ನೆಲ?” ಕೆಂಪು ನೆಲ, ಅಲ್ಲಲ್ಲಿ ಬಿರುಕು ಬಿಟ್ಟಿದೆ. “ತಣ್ಣಗಿದೆಯೋ, ಬೆಚ್ಚಗಿದೆಯೋ?” ಹೀಗೇ ಚಿಕ್ಕ ಮಗುವಿಗೆ ಪಾಠ ಒಪ್ಪಿಸಲು ಹೇಳಿಕೊಟ್ಟ ಹಾಗೆ ಕೇಳುತ್ತಾ ಹೋದರು. ಉತ್ತರ ಹೇಳುತ್ತಾ ಹೇಳುತ್ತಾ ಉಸಿರು ತನ್ನಷ್ಟಕ್ಕೆ ಕೆಳಗಿಳಿಯಿತು. ತಲೆ ಎತ್ತಿ ನೋಡಿದರೆ ಎದುರಿಗೆ ದೆವ್ವದಮ್ಮ, ಮುಖದ ಬಣ್ಣವೆಲ್ಲ ಕಣ್ಣೀರಿಗೆ ಕದಡಿಹೋಗಿತ್ತು.

ಟೀ ಬಂತು. ನಿರ್ದೇಶಕಿ ಹುಡುಗಿ ಮೂಲೆಯಲ್ಲಿ ನಿಂತು ಹತ್ತೂ ಉಗುರು ಕಚ್ಚುತ್ತಿದ್ದಳು. ಸಿಸ್ಟರಮ್ಮ ಅವಳನ್ನು ಕರೆದು ಕೂರಿಸಿಕೊಂಡರು, ಬೈಯಲಿಲ್ಲ. “ಇಲ್ಲಿದ್ದವರು ಯಾರನ್ನೂ ಹೆದರಿಸಿದವರಲ್ಲ ಮಗಳೇ. ಹೆದರಿಕೊಂಡವರೇ ಇಲ್ಲಿಗೆ ಬರ್ತಿದ್ದದ್ದು,” ಅಂದರು. ಹೊಸಬರು ಯಾರಾದರೂ ನಡುಗುತ್ತಾ ಬಂದರೆ, ಕೋಣೆಯ ಹಳಬರು ಕಿಟಕಿಯ ಪಕ್ಕದ ಮಂಚವನ್ನು ಅವರಿಗೆ ಬಿಟ್ಟುಕೊಡುತ್ತಿದ್ದರಂತೆ. ಯಾರೂ ಕಲಿಸಿದ ನಿಯಮವಲ್ಲ, ಅವರೇ ಮಾಡಿಕೊಂಡದ್ದು. ನನಗೂ ಒಂದು ಮಾತು ಹೇಳಿದರು: ಕೈ ಮುರಿದರೆ ತೋರಿಸುವ ಹಾಗೆ ಇದನ್ನೂ ಡಾಕ್ಟರಿಗೆ ತೋರಿಸಬೇಕು, ಪೇಟೆಯ ದೊಡ್ಡಾಸ್ಪತ್ರೆಯಲ್ಲಿ ಒಳ್ಳೆಯ ಡಾಕ್ಟರಮ್ಮ ಇದ್ದಾರೆ, ವಾಸಿಯಾಗುತ್ತದೆ ಅಂತ. ನೋಡೋಣ ಅಂದೆ.

ಮಾರನೆಯ ದಿನ ಬೆಳಿಗ್ಗೆ ನಾನು ಬಸ್ಸಿನ ಗಾಜು ಒರೆಸುತ್ತಿದ್ದಾಗ ಆ ಹುಡುಗಿ ಬಂದಳು. ರಾತ್ರಿ ನಿದ್ದೆ ಮಾಡಿದ ಮುಖ ಅಲ್ಲ. “ಅಂಕಲ್, ನಿನ್ನೆ ಕ್ಯಾಮೆರಾ ಓಡ್ತಾನೇ ಇತ್ತು. ಅದು ನನ್ನ ಸಿನಿಮಾದಲ್ಲೇ ಎಲ್ಲಕ್ಕಿಂತ ನಿಜವಾದ ಸೀನು. ಆದರೆ ಅದು ನಿಮ್ಮದು. ಬೇಡ ಅಂದರೆ ಈಗಲೇ ನಿಮ್ಮೆದುರಿಗೇ ಅಳಿಸಿಬಿಡ್ತೀನಿ,” ಅಂದಳು. ಮೊದಲು ಅಳಿಸಮ್ಮ ಅಂತಲೇ ಬಾಯಿಗೆ ಬಂದದ್ದು. ನೀನು ಅಕ್ಕಪಕ್ಕದವರನ್ನೆಲ್ಲ ಕರೆದುಕೊಂಡು ಹೋಗಿ ಸಿನಿಮಾ ನೋಡುತ್ತೀಯ, ನಮ್ಮವರು ನಮ್ಮವರು ಅಂತ ಪರದೆಗೆ ಬೆರಳು ತೋರಿಸುತ್ತೀಯ, ಆಗ ನಾನು ಹಾಗೆ ಅಳುತ್ತಿದ್ದರೆ? ಆಮೇಲೆ ಅನ್ನಿಸಿತು, ಅಳಿಸುವುದು ಸುಲಭ, ನಾಲ್ಕು ವರ್ಷದಿಂದ ನಾನು ಮಾಡಿದ್ದೂ ಅದನ್ನೇ. “ನಮ್ಮ ಮನೆಯವಳನ್ನು ಕೇಳಿ ಹೇಳ್ತೀನಮ್ಮ. ಆದರೆ ಇಟ್ಟುಕೊಂಡರೆ ಒಂದು ಷರತ್ತು. ಅಷ್ಟು ಹೆದರಿದವನನ್ನು ಸಾಯಿಸಬೇಡ,” ಅಂದೆ.

ಅವಳು ಓಡಿಹೋಗಿ ದೆವ್ವದಮ್ಮನನ್ನು ಎಬ್ಬಿಸಿದಳು. ಹೊಸ ಸೀನು ಅವತ್ತು ಮಧ್ಯಾಹ್ನವೇ ಆಯಿತು. ಡ್ರೈವರು ಕುಸಿದು ಕೂತಿರುತ್ತಾನೆ, ದೆವ್ವ ಹತ್ತಿರ ಬರುತ್ತದೆ, ಎಲ್ಲರೂ ಇವನ ಕಥೆ ಮುಗಿಯಿತು ಅಂದುಕೊಳ್ಳುವಾಗ ಅದು ಕಿಟಕಿಯ ಪಕ್ಕದ ಮಂಚದ ಧೂಳು ಸೆರಗಿನಲ್ಲಿ ಒರೆಸಿ, ಬಾ, ಕೂತುಕೋ ಅನ್ನುವ ಹಾಗೆ ಕೈ ತೋರಿಸುತ್ತದೆ. ಮಾತಿಲ್ಲ. ದುಡ್ಡು ಹಾಕಿರುವವರು ಆ ಹುಡುಗಿಯ ಅಕ್ಕನ ಗಂಡ, ಹಾರ್ಡ್‌ವೇರ್ ಅಂಗಡಿಯವರು. “ದೆವ್ವ ಮಂಚ ಬಿಟ್ಟುಕೊಟ್ಟರೆ ಜನ ಯಾಕಮ್ಮ ಟಿಕೆಟ್ ತಗೋತಾರೆ?” ಅಂತ ತಲೆ ಮೇಲೆ ಕೈ ಹೊತ್ತರು. “ಭಾವ, ನೀವು ಹೊರಗೆ ಹೋಗಿ ಟೀ ಕುಡೀರಿ,” ಅಂದಳು. ಸಿಸ್ಟರಮ್ಮ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು. ಮುಗಿದ ಮೇಲೆ ಆ ಮಂಚದ ಕಂಬಿಯನ್ನೊಮ್ಮೆ ಸವರಿ ಮನೆಗೆ ಹೋದರು. ಜನ ಬರುತ್ತಾರೋ ಇಲ್ಲವೋ ದೇವರೇ ಬಲ್ಲ. ನಾನಂತೂ ಅವತ್ತು ಆ ಮಂಚದ ಮೇಲೆ ಕೂತಾಗ, ಎಷ್ಟೋ ದಿನದ ಮೇಲೆ ಬೆನ್ನು ಸಡಿಲಾಯಿತು.

ಇಷ್ಟೇ ಕಣೇ ಇಲ್ಲಿಯ ಸಮಾಚಾರ. ಆ ಸೀನು ಇಡುವುದೋ ಬೇಡವೋ ನೀನೇ ಹೇಳು, ನೀನು ಹೇಳಿದ ಹಾಗೆ. ಮಗಳಿಗೆ, ಅಳಿಯಂದಿರಿಗೆ ನನ್ನ ಆಶೀರ್ವಾದ. ಮೊಮ್ಮಗಳ ಎರಡೂ ಅಂಗಾಲಿಗೆ ಅಜ್ಜನ ಮುತ್ತು. ನಿನಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಮೂವತ್ತೆರಡು ವರ್ಷ ಜೊತೆಗಿದ್ದವಳಿಗೆ ಕಾಗದ ಬರೆಯುವುದು ಇದೇ ಮೊದಲು, ಕಾಗುಣಿತ ತಪ್ಪಿದ್ದರೆ ನಗಬೇಡ.

ಇಂತಿ,
ನಿನ್ನ ‘ಇವರು’

ತಾ.ಕ.: ಪೋಸ್ಟಿನವನು ಗೇಟಿನ ಹತ್ತಿರ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಡಾಕ್ಟರ ವಿಷಯದಲ್ಲಿ ನೋಡೋಣ ಅಂದೆ ಅಂತ ಬರೆದೆನಲ್ಲ, ಅದು ಅರ್ಧ ಮಾತು. ನಿನ್ನೆ ಶೂಟಿಂಗ್‌ಗೆ ರಜೆ ಇತ್ತು, ಸಿಸ್ಟರಮ್ಮನ ಜೊತೆ ಹೋಗಿ ತೋರಿಸಿ ಬಂದೆ. ಡಾಕ್ಟರಮ್ಮ ಒಂದು ಗಂಟೆ ಕೂರಿಸಿಕೊಂಡು ಕೇಳಿದರು. ಬರುವ ಮಂಗಳವಾರ ಮತ್ತೆ ಬರಲು ಹೇಳಿದ್ದಾರೆ, ಮನೆಯಿಂದ ಒಬ್ಬರನ್ನು ಕರೆದುಕೊಂಡು ಬನ್ನಿ ಅಂದರು. ಯಾರಿದ್ದಾರೆ ಅಂತ ಕೇಳಿದಾಗ ಹಿಂದುಮುಂದು ನೋಡದೆ ನಿನ್ನ ಹೆಸರು ಬರೆಸಿಬಿಟ್ಟಿದ್ದೇನೆ. ಎರಡು ದಿನದ ಮಟ್ಟಿಗೆ ಮಗುವನ್ನು ಬಿಟ್ಟು ಬರುತ್ತೀಯಾ? ಒಬ್ಬನೇ ಹೋಗಲು ನನಗೆ ಭಯ.